ಮನೆ ಇಲ್ಲದವರಿಗೆ ಮನೆ ಕೊಟ್ಟರೆ ಏನಾಗುತ್ತೆ? ಇನ್ನೂ ಸಂಶೋಧನೆ ಬೇಕಂತೆ!

ಮನೆ ಇಲ್ಲದವರಿಗೆ ಮನೆ ಕೊಟ್ಟರೆ ಅವರು ಬೀದಿಯಲ್ಲಿ ಮಲಗುವುದಿಲ್ಲ. ಇಷ್ಟನ್ನು ಸಾಬೀತು ಮಾಡಲು ಅಮೆರಿಕ, ಕೆನಡಾಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಒದ್ದಾಡುತ್ತಿದ್ದಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತ ಕೇಳಬೇಡಿ. ಅಲ್ಲಿ ಕನ್ನಡಿಯೂ ಬೇಕು, ಕಂಡದ್ದು ನಿಜವಾಗಿ ಹುಣ್ಣೇನಾ ಅಂತ ತೀರ್ಮಾನಿಸಲು ಒಂದು ಸಮಿತಿಯೂ ಬೇಕು.

ಮೊದಲು ಇದ್ದದ್ದು ಮೆಟ್ಟಿಲು ಪದ್ಧತಿ. ಬೀದಿಯಲ್ಲಿರುವ ಮಾನಸಿಕ ರೋಗಿ ಮೊದಲು ಕುಡಿತ ಬಿಡಬೇಕು, ಮಾತ್ರೆ ತಪ್ಪದೆ ನುಂಗಬೇಕು, ಶೆಲ್ಟರಿನವರು ಹೇಳಿದ ಹೊತ್ತಿಗೆ ಏಳಬೇಕು, ಮಲಗಬೇಕು, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಮನೆಗೆ ಅರ್ಹ ಅನ್ನಿಸಿಕೊಳ್ಳಬೇಕು. (ಸ್ವಂತ ಮನೆಯ ಬಾಗಿಲು ಹಾಕಿಕೊಂಡು ಕುಡಿಯುವವರಿಗೆ ಈ ಪರೀಕ್ಷೆ ಇಲ್ಲ, ಅದು ಬೇರೆ ಮಾತು.) 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತಲೆಕೆಳಗು ಮಾಡಿದರು. ಮೊದಲು ಬೀಗದ ಕೈ ಕೊಡಿ, ಡಾಕ್ಟರು, ನರ್ಸು, ಸಮಾಜ ಕಾರ್ಯಕರ್ತರು ಅವರ ಮನೆಗೇ ಹೋಗಿ ನೋಡಿಕೊಳ್ಳಲಿ, ಕುಡಿತದ ವಿಚಾರ ಆಮೇಲೆ ಅಂದರು. ಇದಕ್ಕೆ 'ಮೊದಲು ಮನೆ' (ಹೌಸಿಂಗ್ ಫಸ್ಟ್) ಅಂತ ಹೆಸರು. 2004ರಲ್ಲಿ ಅವರ ತಂಡ ಅಧ್ಯಯನ ಪ್ರಕಟಿಸಿತು. ಹಾಗೆ ಮನೆ ಸಿಕ್ಕವರಲ್ಲಿ ಸುಮಾರು ಶೇ. 80ರಷ್ಟು ಜನ ಮನೆ ಉಳಿಸಿಕೊಂಡಿದ್ದರು.

ಮುಗಿಯಿತು, ಇನ್ನು ಮನೆ ಕಟ್ಟೋಣ ಅಂದುಕೊಂಡಿರಾ? ಪಾಪ.

ಕೆನಡಾ ಸರ್ಕಾರ 11 ಕೋಟಿ ಡಾಲರ್ ಇಟ್ಟು ಐದು ನಗರಗಳಲ್ಲಿ ಇನ್ನೊಂದು ಪ್ರಯೋಗ ಮಾಡಿಸಿತು. 2009ರಿಂದ 2013ರವರೆಗೆ, 2,000ಕ್ಕೂ ಜಾಸ್ತಿ ಜನರ ಮೇಲೆ. ಚೀಟಿ ಎತ್ತಿದ ಹಾಗೆ ಒಂದಷ್ಟು ಜನರಿಗೆ ಮನೆ, ಉಳಿದವರಿಗೆ 'ಎಂದಿನ ವ್ಯವಸ್ಥೆ'. ಅಂದರೆ, ನೀನು ಇದ್ದಲ್ಲೇ ಇರಪ್ಪಾ, ನಾವು ಆಗಾಗ ಬಂದು ನೀನು ಹೇಗಿದ್ದೀಯ ಅಂತ ಬರೆದುಕೊಂಡು ಹೋಗ್ತೀವಿ. ಆ ಐದರಲ್ಲಿ ವಿನ್ನಿಪೆಗ್ ಕೂಡ ಒಂದು. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುತ್ತೆ. ಹೇಗಿದ್ದಾನೆ ಅಂತ ತಿಳಿಯಲು ಪ್ರಶ್ನಾವಳಿ ಬೇಕೇ ಬೇಕು, ಅಲ್ವಾ?

ಫಲಿತಾಂಶ ಹೀಗಿತ್ತು. ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಇದ್ದವರು ಮನೆ ಸಿಕ್ಕ ಗುಂಪಿನಲ್ಲಿ ಶೇ. 62, ಸಿಗದ ಗುಂಪಿನಲ್ಲಿ ಶೇ. 31. ಸರಿ, ಅಮೆರಿಕದ ಡೆನ್ವರಿನಲ್ಲೂ ಒಮ್ಮೆ ನೋಡಿಬಿಡೋಣ ಅಂದರು. ಪದೇ ಪದೇ ಜೈಲಿಗೆ ಹೋಗಿ ಬರುತ್ತಿದ್ದ 724 ಜನ, ಅವರಿಗೂ ಲಾಟರಿ. ಮೂರು ವರ್ಷದ ನಂತರವೂ ಮನೆ ಸಿಕ್ಕವರಲ್ಲಿ ಶೇ. 77ರಷ್ಟು ಜನ ಮನೆಯಲ್ಲೇ ಇದ್ದರು, ಬಂಧನಗಳು ಶೇ. 40ರಷ್ಟು ಕಮ್ಮಿಯಾದವು. ಸಂಶೋಧಕರನ್ನು ಬೈಯಬೇಡಿ. ಇದ್ದ ಮನೆಗಳಿಗಿಂತ ಜನ ಜಾಸ್ತಿ ಇದ್ದರು, ಲಾಟರಿಯಾದರೂ ನ್ಯಾಯವಾಗಿರಲಿ ಅಂತ ಅವರು ಹಾಗೆ ಮಾಡಿದರು. ಮನೆಗಳೇ ಯಾಕೆ ಅಷ್ಟು ಕಮ್ಮಿ ಅನ್ನುವುದಕ್ಕೆ ಮಾತ್ರ ಯಾರೂ ಲಾಟರಿ ಎತ್ತಲಿಲ್ಲ.

ಲಾಟರಿ ಇಲ್ಲದ ಊರುಗಳಲ್ಲಿ ಅಂಕ ಇತ್ತು. ವಿಐ-ಸ್ಪ್‌ಡ್ಯಾಟ್ ಎಂಬ ಪ್ರಶ್ನಾವಳಿ. ಎಷ್ಟು ಸಲ ತುರ್ತು ಚಿಕಿತ್ಸೆಗೆ ಹೋಗಿದ್ದೀಯ, ಜೈಲಿಗೆ ಹೋಗಿದ್ದೀಯಾ, ದುಡ್ಡಿಗಾಗಿ ದೇಹ ಕೊಟ್ಟಿದ್ದೀಯಾ, ಸೂಜಿ ಹಂಚಿಕೊಂಡಿದ್ದೀಯಾ, ಇಂಥವನ್ನೆಲ್ಲ ಮುಖ ಪರಿಚಯವೂ ಇಲ್ಲದವರು ಬಂದು ಕೇಳುತ್ತಿದ್ದರು. ಒಟ್ಟು 17 ಅಂಕ. 8 ಮುಟ್ಟಿದರೆ ಬೆಂಬಲದ ಮನೆಗೆ (ಮನೆಯ ಜೊತೆಗೆ ಡಾಕ್ಟರು, ಸಮಾಜ ಕಾರ್ಯಕರ್ತರ ನೆರವೂ ಸಿಗುವಂಥದ್ದು) ನಿಮ್ಮ ಹೆಸರು ಪರಿಗಣನೆಗೆ. ನಾಚಿಕೊಂಡು ಮುಚ್ಚಿಟ್ಟರೆ ಫೇಲು. ಹಾಗೂ ಹೀಗೂ ಸಂಭಾಳಿಸಿಕೊಂಡು ಆರೋಗ್ಯ ಉಳಿಸಿಕೊಂಡಿದ್ದರೂ ಫೇಲು. ಕಷ್ಟ ಸಾಲದು, ಇನ್ನಷ್ಟು ಕೆಟ್ಟು ಬಾ ಅಂತ ವಾಪಸ್ ಕಳಿಸುವ ಪರೀಕ್ಷೆ ಇದೊಂದೇ ಇರಬೇಕು. ಕರಿಯರಿಗಿಂತ ಬಿಳಿಯರಿಗೆ ಇದರಲ್ಲಿ ಅಂಕ ಜಾಸ್ತಿ ಬೀಳುತ್ತೆ ಅಂತ ಅಧ್ಯಯನಗಳು ತೋರಿಸಿದವು, ಮಾಡಿದವರೇ 2020ರ ಕೊನೆಯಲ್ಲಿ ಇನ್ನು ಇದನ್ನು ನಿಲ್ಲಿಸ್ತೀವಿ ಅಂದರು. ಅಷ್ಟರಲ್ಲಿ ಎಷ್ಟೋ ಜನರ ಸರದಿ ಈ ಅಂಕದ ಮೇಲೇ ನಿರ್ಧಾರವಾಗಿತ್ತು.

2018ರ ತಮಾಷೆ ಇನ್ನೊಂದು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ ಇರುವ ಸಂಶೋಧನೆಗಳನ್ನೆಲ್ಲ ಜಾಲಾಡಿತು. ಬೆಂಬಲದ ಮನೆಯಿಂದ ಆರೋಗ್ಯ ಸುಧಾರಿಸುತ್ತೆ ಅನ್ನುವುದಕ್ಕೆ, ಎಚ್‌ಐವಿ ಇರುವವರನ್ನು ಬಿಟ್ಟರೆ, ಗಟ್ಟಿ ಪುರಾವೆ ಇಲ್ಲ ಅಂತ ಬರೆಯಿತು. ಆದರೂ ಮನೆ ಅನ್ನುವುದು ಆರೋಗ್ಯಕ್ಕೆ ಒಳ್ಳೆಯದೇ ಅಂತ ನಾವು ನಂಬುತ್ತೇವೆ ಅಂತಲೂ ಬರೆಯಿತು! ವಿರೋಧಿಗಳು ಮೊದಲ ವಾಕ್ಯ ಹಿಡಿದುಕೊಂಡರು. ನೋಡಿ, ಮನೆ ಕೊಟ್ಟರೂ ಸ್ಕಿಜೋಫ್ರೀನಿಯಾ ವಾಸಿಯಾಗಿಲ್ಲ! ನಾಲ್ಕು ಗೋಡೆ, ಒಂದು ಸೂರು, ಒಂದು ಬಚ್ಚಲು ಸೇರಿ ಮೆದುಳಿನ ಕಾಯಿಲೆ ಯಾಕೆ ಗುಣ ಮಾಡಲಿಲ್ಲ ಅಂತ ಸೂರಿಗೆ ನೋಟಿಸು.

ಈಗ ಅಮೆರಿಕದ ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಊರಿಗೆ ಬನ್ನಿ. ಅಲ್ಲಿ ಸಾರ್ವಜನಿಕ ಜಾಗದಲ್ಲಿ ಕಂಬಳಿ ಹಾಸಿ ಮಲಗಿದರೆ 295 ಡಾಲರ್ ದಂಡ ಇತ್ತು. ಕಟ್ಟದಿದ್ದರೆ 537 ಡಾಲರ್ 60 ಸೆಂಟ್. ಬಾಡಿಗೆ ಕಟ್ಟಲು ದುಡ್ಡಿಲ್ಲದೆ ಬೀದಿಗೆ ಬಂದವನ ಹತ್ತಿರ ದಂಡಕ್ಕೆ ದುಡ್ಡಿರುತ್ತೆ ಅನ್ನುವ ಲೆಕ್ಕ. ಆ 60 ಸೆಂಟ್ ಯಾವ ಪುಣ್ಯಾತ್ಮ ಕೂಡಿಸಿದನೋ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರಲ್ಲಿ ಇದು ಸರಿ ಅಂತು. ಆಮೇಲೆ ನೂರಕ್ಕೂ ಹೆಚ್ಚು ಊರುಗಳು ಇಂಥ ಕಾನೂನು ತಂದವು. ಒಂದು ಊರಾದರೂ ಲಾಟರಿ ಎತ್ತಿ, ಅರ್ಧ ಜನರಿಗೆ ದಂಡ ಹಾಕಿ, ಅರ್ಧ ಜನರನ್ನು ಸುಮ್ನೆ ಬಿಟ್ಟು, ಮೂರು ವರ್ಷ ಕಾದು, ಆಮೇಲೆ ಕಾನೂನು ಮಾಡೋಣ ಅಂದಿತಾ? ಯಾರೂ ಮಲಗದ ಹಾಗೆ ಬೆಂಚಿನ ನಡುವೆ ಕಬ್ಬಿಣದ ಕೈ ಹಿಡಿಕೆ ಜಡಿಯುವ ಮುಂಚೆ ಯಾರಾದರೂ ಪುರಾವೆ ಕೇಳಿದರಾ?

2025ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷರ ಆದೇಶವೂ ಬಂತು. 'ಮೊದಲು ಮನೆ' ನೀತಿಗೆ ಬೆಂಬಲ ನಿಲ್ಲಿಸಿ, ಚಿಕಿತ್ಸೆ, ಚೇತರಿಕೆ, ಹೊಣೆಗಾರಿಕೆ ಮುಖ್ಯ ಅಂತ. ಹಳೇ ಮೆಟ್ಟಿಲಿಗೆ ಹೊಸ ಬಣ್ಣ. ಇದನ್ನೂ ಒಂದು ಸಲ ಪರೀಕ್ಷೆ ಮಾಡೋಣ ಅನ್ನುವವರು ಇದ್ದಾರೆ. ಮಾಡಿ ಆಗಿದೆಯಲ್ಲ ಸ್ವಾಮಿ! ನ್ಯೂಯಾರ್ಕ್, ಕೆನಡಾ, ಡೆನ್ವರ್, ಎಲ್ಲ ಕಡೆ ಲಾಟರಿಯಲ್ಲಿ ಮನೆ ಸಿಗದವರು ವಾಪಸ್ ಹೋಗಿದ್ದು ಇಲ್ಲಿಗೇ. ಮೆಟ್ಟಿಲು, ಶೆಲ್ಟರು, ಫುಟ್‌ಪಾತು, ಜೈಲು ಎಲ್ಲವೂ 'ಎಂದಿನ ವ್ಯವಸ್ಥೆ' ಎಂಬ ಹೆಸರಿನಲ್ಲಿ ಈ ಪರೀಕ್ಷೆಗಳಿಗೆ ಕೂತಿದ್ದವು. ಬರೆದವರು ಇಬ್ಬರೇ. ಜನ ಮನೆಯಲ್ಲಿ ಉಳಿದರಾ ಅನ್ನುವ ಪ್ರಶ್ನೆಯಲ್ಲಿ ಇದಕ್ಕೆ ಬಂದದ್ದು ಎಲ್ಲ ಸಲವೂ ಎರಡನೇ ರ‍್ಯಾಂಕು.