ತೇಪೆ ಅಂದ್ರೆ ಬೈಗುಳ ಯಾಕೆ?

ಮೊನ್ನೆ ಭಾನುವಾರ ಟೆರೇಸ್ ಮೇಲೆ ನನ್ನ ಸ್ಕೀ ಪ್ಯಾಂಟ್ (ಹಿಮದ ಮೇಲೆ ಜಾರೋ ಆಟಕ್ಕೆ ಹಾಕೋದು) ಒಣಗೋಕೆ ಹಾಕಿದ್ದೆ. ಪಕ್ಕದ ಮನೆ ಆಂಟಿ ಮುಟ್ಟಿ ನೋಡಿ, "ಸ್ಕೂಟರ್‌ಗೆ ಹಾಕೋ ಮಳೆ ಪ್ಯಾಂಟಾ? ತೇಪೆ ಬೇರೆ ಹಾಕ್ಸಿದೀಯ, ಪಾಪ" ಅಂದ್ರು. ಆ "ಪಾಪ"ಕ್ಕೇ ಈ ಪೋಸ್ಟು.

ಹೌದು, ಬಸವನಗುಡಿಯಲ್ಲಿ ಕೂತು ಸ್ಕೀ ಪ್ಯಾಂಟ್ ಇಟ್ಕೊಂಡಿರೋದೇ ತಮಾಷೆ. ಉತ್ತರಾಖಂಡದ ಔಲಿಯಲ್ಲಿ ಆಟ ಕಲಿತೆ, ಆಮೇಲೆ ಎರಡು ಸಲ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದೆ. ವರ್ಷಕ್ಕೆ ಏಳೆಂಟು ದಿನ ಹಾಕೋ ಬಟ್ಟೆ, ಆದ್ರೂ ಮೂರನೇ ವರ್ಷಕ್ಕೆ ಎರಡೂ ಕಾಲಿನ ಒಳಗಡೆ, ಪಾದದ ಗಂಟಿನ ಹತ್ತಿರ, ಬ್ಲೇಡ್ ಹಾಕಿ ಕೊಯ್ದ ಹಾಗೆ ಸೀಳಿತ್ತು. ಸೀಳಿದ್ದು ಬ್ಲೇಡೇ ಅನ್ನಿ. ಸ್ಕೀ ಅಂದ್ರೆ ಬೂಟಿಗೆ ಸಿಕ್ಕಿಸಿಕೊಳ್ಳೋ ಉದ್ದನೆ ಹಲಗೆ, ಅದರ ತಳದ ಎರಡೂ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತೆ, ಗಟ್ಟಿ ಹಿಮದ ಮೇಲೆ ಹಿಡಿತ ಸಿಗಲಿ ಅಂತ ಅದನ್ನ ಸಾಣೆ ಹಿಡಿದಿರ್ತಾರೆ. ನನ್ನಂಥ ಅರೆಬರೆ ಕಲಿತವನ ಒಂದು ಸ್ಕೀ ಇನ್ನೊಂದರ ಮೇಲೆ ಹತ್ತಿದಾಗಲೆಲ್ಲ ಅದು ಪ್ಯಾಂಟಿನ ಅಂಚನ್ನ ತಿನ್ನುತ್ತೆ. ಹೊಸ ಪ್ಯಾಂಟ್ ತಂದ್ರೂ ಹರಿಯೋದು ಅದೇ ಜಾಗದಲ್ಲೇ. ಹೊಸದು ತಗೋ ಅನ್ನೋರಿಗೆ ನನ್ನ ಉತ್ತರ ಇಷ್ಟೇ.

ಮೊದಲ ತೇಪೆ ನಾನೇ ಹಾಕಿದ್ದು, ಹಳೇ ಜೀನ್ಸ್ ತುಂಡಿಂದ. ಗಟ್ಟಿ ಬಟ್ಟೆ ಅಲ್ವಾ ಅಂತ. ಗುಲ್ಮಾರ್ಗ್‌ನಲ್ಲಿ ಒಂದೇ ಗಂಟೆಗೆ ಅದು ನೀರು ಕುಡಿದು, ಮಧ್ಯಾಹ್ನದ ಹೊತ್ತಿಗೆ ಹೆಪ್ಪುಗಟ್ಟಿ ಹಪ್ಪಳ ಆಯ್ತು. ಹತ್ತಿ ಹಿಮಕ್ಕೆ ಆಗಲ್ಲ. ಸಾಲದ್ದಕ್ಕೆ ತೇಪೆಯನ್ನ ಚೌಕಾಕಾರ ಕತ್ತರಿಸಿದ್ದೆ. ಮೂಲೆ ಅಂದ್ರೆ ಸ್ಕೀ ಅಂಚಿಗೆ ಕೊಟ್ಟ ಆಹ್ವಾನ ಪತ್ರಿಕೆ, ಅಲ್ಲಿಂದಲೇ ಕಿತ್ತುಕೊಂಡು ಬಂತು. ಬಟ್ಟೆಯ ತೇಪೆಗೆ ಮೂಲೆ ದುಂಡಗಿರಬೇಕು. (ರಸ್ತೆ ಗುಂಡಿಗೆ ಉಲ್ಟಾ, ಅಂಚನ್ನ ನೇರವಾಗಿ ಚೌಕ ಕತ್ತರಿಸಿ, ಗುಡಿಸಿ, ಅಂಟು ಡಾಂಬರು ಬಳಿದು ಆಮೇಲೆ ತುಂಬಬೇಕು. ನಮ್ಮೂರಲ್ಲಿ ಸುಮ್ನೆ ಸುರಿದು ಹೋಗ್ತಾರೆ, ಒಂದು ಮಳೆಗೆ ಕಿತ್ತು ಬರುತ್ತೆ. ಪೇಪರಿನವರು "ತೇಪೆ ಹಚ್ಚುವ ಕೆಲಸ" ಅಂತ ಬರೀತಾರೆ. ಅಲ್ಲ ಸ್ವಾಮಿ, ಅದು ತೇಪೆಯೇ ಅಲ್ಲ!)

ಎರಡನೇ ಸಲ ಬುದ್ಧಿ ಬಂತು. ಬೈಕ್ ಹುಚ್ಚಿನ ಗೆಳೆಯನೊಬ್ಬ ಬಿಸಾಡಬೇಕು ಅಂತಿದ್ದ ರೈಡಿಂಗ್ ಪ್ಯಾಂಟಿಂದ ಕಾರ್ಡುರಾ ಅನ್ನೋ, ಬೇಗ ಸವೆಯದ ಗಟ್ಟಿ ನೈಲಾನ್ ಬಟ್ಟೆ ಸಿಕ್ತು, 500 ಡೆನಿಯರ್. ಡೆನಿಯರ್ ಅಂದ್ರೆ 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ, ಸಂಖ್ಯೆ ಹೆಚ್ಚಾದಷ್ಟೂ ನೂಲು ದಪ್ಪ. ಹಾಗಾದ್ರೆ 1000 ಇನ್ನೂ ಒಳ್ಳೇದಲ್ವಾ ಅನ್ಬೇಡಿ. ತೇಪೆ ಅತಿಯಾಗಿ ಬಿರುಸಾದ್ರೆ ಅದು ಮಡಚಲ್ಲ, ಸುತ್ತಲಿನ ತೆಳು ಬಟ್ಟೆಯೇ ಹೊಲಿಗೆ ಗೆರೆ ಹಿಡಿದು ಹರಿಯುತ್ತೆ. ಗಟ್ಟಿ ಇರಬೇಕು, ಹಟಮಾರಿ ಆಗಬಾರದು.

ಹೊಲಿಯೋರು ಯಾರು? ಬಡಾವಣೆಯ ಇಬ್ಬರು ಟೈಲರ್‌ಗಳು ಬಟ್ಟೆ ಮುಟ್ಟಿ, "ಸೂಜಿ ಮುರಿಯುತ್ತೆ ಸಾರ್" ಅಂದ್ರು. ಕೊನೆಗೆ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯೋರೊಬ್ಬರು ಒಪ್ಪಿದ್ರು. ಒಳಗಿನ ಲೈನಿಂಗ್ ಹೊಲಿಗೆ ಬಿಚ್ಚಿ ಪಕ್ಕಕ್ಕೆ ಸರಿಸಿ, ಹೊರಪದರಕ್ಕೆ ಮಾತ್ರ, ಪಾಲಿಯೆಸ್ಟರ್ ದಾರದಲ್ಲಿ ಎರಡು ಸಾಲು. ಹರಿದ ಜಾಗಕ್ಕಿಂತ ಎಲ್ಲಾ ಕಡೆ ಎರಡು ಬೆರಳು ಅಗಲ. ಕತ್ತರಿಸಿದ ಅಂಚಿಗೆ ಲೈಟರ್ ತೋರಿಸಿ ನೂಲು ಬಿಚ್ಚದ ಹಾಗೆ ಕರಗಿಸಿದ್ದು ಅವರದೇ ಐಡಿಯಾ. ಅವರು ಹಿಮ ನೋಡಿಲ್ಲ, ಆದ್ರೆ ಎಲ್ಲಿ ಉಜ್ಜುತ್ತೆ ಅಂತ ಕೇಳಿ, ಅಲ್ಲಿಗೇ ಕೈ ಇಟ್ರು.

ಒಂದೇ ಎಚ್ಚರಿಕೆ. ಸೂಜಿಯ ಪ್ರತಿ ತೂತೂ ನೀರಿಗೆ ದಾರಿ. ಒಳಗಡೆಯಿಂದ ಹೊಲಿಗೆ ಮೇಲೆ ಸೀಮ್ ಸೀಲರ್ (ಹೊಲಿಗೆ ತೂತು ಮುಚ್ಚೋ ಅಂಟು) ಬಳಿದು ರಾತ್ರಿಯಿಡೀ ಒಣಗಲು ಬಿಡಿ. ಪಾದದ ಹತ್ತಿರ ಅಷ್ಟಿಷ್ಟು ಸೋರಿದ್ರೂ ಬೂಟು ಕಾಪಾಡುತ್ತೆ. ಹಿಂಭಾಗದಲ್ಲಿ ಸೋರಿದ್ರೆ ಹಿಮದ ಮೇಲೆ ಕೂತಾಗ ಗೊತ್ತಾಗುತ್ತೆ. ಸ್ಕೂಲಲ್ಲಿ ಪೋಸ್ಟ್ ಬಾಕ್ಸ್ ಅಂತ ಚುಡಾಯಿಸ್ತಿದ್ವಲ್ಲ, ಆ ಜಾಗಕ್ಕೆ ಹೊಲಿಗೆ ಬೇಡ, ಸ್ಪಿರಿಟ್‌ನಿಂದ ಒರೆಸಿ ಅಂಟಿಸೋ ಪ್ಯಾಚೇ ವಾಸಿ. ಇಸ್ತ್ರಿ ಪೆಟ್ಟಿಗೆಯಂತೂ ಹತ್ತಿರ ತರಬೇಡಿ, ನೈಲಾನ್ ಕರಗುತ್ತೆ.

ಕಳೆದ ಸೀಸನ್ ಪೂರ್ತಿ ಆ ಕಪ್ಪು ತೇಪೆ ಮೇಲೆ ಬರೀ ಗೀರು ಬಿದ್ದಿದೆ, ತೂತಿಲ್ಲ. ಆಂಟಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ನಮ್ಮ ಹುಡುಗನ ಸ್ಕೂಲ್ ಬ್ಯಾಗ್ ತಳಕ್ಕೂ ಹಾಕ್ಸಿಕೊಡು" ಅಂದ್ರು. ಮಿಕ್ಕ ಕಾರ್ಡುರಾ ಅಲ್ಲಿಗೆ ಹೋಯ್ತು.

ಈಗ ಬಾಕಿ ಇರೋದು ಗ್ಲೌಸು. ಸ್ಕೀ ಹಿಡಿದು ಹಿಡಿದು ಹೆಬ್ಬೆರಳ ಸಂದು ಸವೆದಿದೆ. ಅಲ್ಲಿಗೆ ಬಟ್ಟೆ ಜಾರುತ್ತೆ, ತೆಳ್ಳಗಿನ ಆಡಿನ ಚರ್ಮ ಆಗಬೇಕು. ಶಿವಾಜಿನಗರದ ಕಡೆ ಅಂಗೈಯಗಲ ತುಂಡು ಕೊಡೋ ಅಂಗಡಿ ಯಾರಿಗಾದ್ರೂ ಗೊತ್ತಾ?