ಥಂಡಿ ಯಾರಿಗೆ ಜಾಸ್ತಿ?

ಮಗಳು ಓದಲು ಕೆನಡಾದ ವಿನಿಪೆಗ್‌ಗೆ ಹೊರಟಾಗ ವಿಜಯಪುರದ ನಮ್ಮ ಓಣಿಯಲ್ಲಿ ಎಲ್ಲರೂ ಥಂಡಿಯ ಪಂಡಿತರಾದರು. ಮಂಕಿ ಕ್ಯಾಪ್ ಒಯ್ಯಲಿ ಅಂದರು, ಕಿವಿಗೆ ಅರಳೆ ಇಟ್ಟುಕೊಳ್ಳಲಿ ಅಂದರು. ಇವರಲ್ಲಿ ಯಾರೂ ಮಹಾಬಳೇಶ್ವರ ದಾಟಿದವರಲ್ಲ. ನಮ್ಮವ್ವ ಹಳೇ ಸೀರೆಗಳಿಂದ ಹೊಲಿದ ಕೌದಿ ತಂದಿಟ್ಟಳು. 23 ಕಿಲೋ ಬ್ಯಾಗಿನಲ್ಲಿ ಕೌದಿ ಹಿಡಿಸಿದರೆ ಕಡಕ್ ರೊಟ್ಟಿ ಹಿಡಿಸುವುದಿಲ್ಲ. ರೊಟ್ಟಿ ಗೆದ್ದಿತು.

ಡಿಸೆಂಬರ್ ಬಂತು. ಬೆಳಿಗ್ಗೆ ವಿಡಿಯೋ ಕಾಲ್. ಈ ಕಡೆ ಅವ್ವ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಅದೇ ಕೌದಿ ಹೊದ್ದು ಕೂತಿದ್ದಾಳೆ. ಆ ಕಡೆ ಹೊರಗೆ ಮೈನಸ್ 25. ಮಗಳು ಮಾತ್ರ ಅರ್ಧ ತೋಳಿನ ಟೀ ಶರ್ಟ್ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದಾಳೆ!

"ಆಯಿ, ಅಲ್ಲಿ ಬಾಳ ಥಂಡಿ ಐತೇನ?" ಅಂತ ಅವಳೇ ಕೇಳಿದಳು.

ಯೋಚಿಸಿದರೆ ಸರಿಯೇ ಇದೆ. ಅವರು ಥಂಡಿಗೆ ಹೆದರಿ ಮನೆ ಕಟ್ಟುತ್ತಾರೆ. ಕಿಟಕಿಗೆ ಜೋಡಿ ಗಾಜು, ಗೋಡೆಯೊಳಗೆ ದಪ್ಪ ಪದರು, ಹಗಲೂ ರಾತ್ರಿ ಹೀಟರ್. ನಾವು ಮೇ ತಿಂಗಳಿಗೆ ಹೆದರಿ ಕಟ್ಟುತ್ತೇವೆ. ಗಾಳಿ ಆಡಲಿ ಅಂತ ಎದುರುಬದುರು ಕಿಟಕಿ, ಕಾಲಿಗೆ ತಣ್ಣಗಿರಲಿ ಅಂತ ಫರಸಿ. ಡಿಸೆಂಬರ್‌ನಲ್ಲಿ ರಾತ್ರಿ 10 ಡಿಗ್ರಿಗೆ ಇಳಿದಾಗ ಅದೇ ಫರಸಿ ಸೇಡು ತೀರಿಸಿಕೊಳ್ಳುತ್ತದೆ.

ಮಗಳ ಕಷ್ಟ ಇರುವುದು ಹೊಸ್ತಿಲಲ್ಲಿ. ಕಸ ಚೆಲ್ಲಿ ಬರಬೇಕೆಂದರೂ ಥರ್ಮಲ್, ಸ್ವೆಟರ್, ಜಾಕೆಟ್, ಜೋಡಿ ಸಾಕ್ಸ್, ಬೂಟು, ಟೊಪ್ಪಿಗೆ, ಗ್ಲೌಸ್. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಒಳಗಿನ ಪ್ಯಾಂಟಿನ ಜೇಬಿನಲ್ಲಿ ಫೋನ್ ಬಾರಿಸುತ್ತದೆ. ಅದು ಹೆಚ್ಚಾಗಿ ನಮ್ಮದೇ ಫೋನು. ಅಲ್ಲಿ ಕಾರಿಗೂ ರಾತ್ರಿ ಕರೆಂಟ್ ಬೇಕಂತೆ. ಇಂಜಿನ್ ಬೆಚ್ಚಗಿಡುವ ಹೀಟರಿನ ಪ್ಲಗ್ಗು ಮೂತಿಯ ಹತ್ತಿರ ಜೋತಾಡುತ್ತಿರುತ್ತದೆ.

"ಸುಮ್ನ ಬಿಸಲಾಗ ಕುಂದ್ರಬೇಕವಾ" ಅನ್ನುತ್ತಾಳೆ ಅವ್ವ. ನಮ್ಮೂರಿಗೆ ಒಪ್ಪುವ ಮಾತು. ವಿನಿಪೆಗ್‌ನಲ್ಲಿ ಮಾತ್ರ ಆಕಾಶ ನಿಚ್ಚಳವಾಗಿ ಬಿಸಿಲು ಬಿದ್ದ ದಿನವೇ ಥಂಡಿ ಜಾಸ್ತಿ. ರಾತ್ರಿ ಮೋಡವಿಲ್ಲದಿದ್ದರೆ ನೆಲದ ಬಿಸಿಯೆಲ್ಲ ಮೇಲಕ್ಕೆ ಹೊರಟುಹೋಗುತ್ತದೆ. ಗಾಳಿಯೂ ಬೀಸಿದರೆ ತೆರೆದ ಕೆನ್ನೆ ನಿಮಿಷಗಳಲ್ಲೇ ಮರಗಟ್ಟಬಹುದು. ಬಿಸಿಲಿನಲ್ಲಿ ಕೂಡುವ ಮಾತೆಲ್ಲಿ ಬಂತು?

ಹೀಟರ್ ಹಾಕಿದ ಮನೆಯೊಳಗೆ ಗಾಳಿ ಒಣ ಒಣ. ಹಿಮ್ಮಡಿ ಒಡೆಯುತ್ತದೆ, ಬಾಗಿಲ ಹಿಡಿಕೆ ಮುಟ್ಟಿದರೆ ಕರೆಂಟ್ ಹೊಡೆದಂತೆ ಚುರ್ ಅನ್ನುತ್ತದೆ. ಲಾಭ ಆದದ್ದು ರೊಟ್ಟಿಗೆ. ಇಟ್ಟಲ್ಲೇ ಕಡಕ್ ಆಗಿದೆಯಂತೆ, ಮುರಿದರೆ ಪಕ್ಕದ ರೂಮಿನವರು ಇಣುಕುತ್ತಾರಂತೆ.

ಮಾರ್ಚ್ ಕೊನೆಗೆ ಅಲ್ಲಿ 5 ಡಿಗ್ರಿಗೆ ಏರಿತು. ಮೈನಸ್ ಅಲ್ಲ, ಬರೀ 5. ಮಗಳು ಜಾಕೆಟ್ ಇಲ್ಲದೆ ರಸ್ತೆಯಲ್ಲಿ ನಡೆಯುತ್ತ, "ಅಪ್ಪಾ, ಇವತ್ತ ಸ್ವಲ್ಪ ಶೆಕಿ ಆಗಾಕತ್ತೈತಿ" ಅಂದಳು. ಮೇ ತಿಂಗಳಲ್ಲಿ ರಜೆಗೆ ಊರಿಗೆ ಬರುತ್ತಾಳೆ. ಅವ್ವ ಫೋನ್ ಇಟ್ಟವಳೇ ಅಟ್ಟದ ಮೇಲಿನ ಕೂಲರ್ ಇಳಿಸಿ ರಿಪೇರಿ ಮಾಡಿಸು ಅಂತ ನನ್ನ ಬೆನ್ನು ಹತ್ತಿದ್ದಾಳೆ.