ಪಂಪಿನ ಹಿಡಿಕೆ ಕಳಚಿದ್ದರಿಂದಲೇ ಲಂಡನ್ನಿನ ಕಾಲರಾ ನಿಂತಿತೇ? ಒಂದು ಸ್ಪಷ್ಟನೆ

‘1854ರಲ್ಲಿ ವೈದ್ಯ ಜಾನ್ ಸ್ನೋ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿದ್ದ ಸಾರ್ವಜನಿಕ ನೀರಿನ ಪಂಪಿನ ಹಿಡಿಕೆ ತೆಗೆಸಿದರು, ಅಂದಿಗೆ ಆ ನಗರದ ಕಾಲರಾ ಕೊನೆಗೊಂಡಿತು’ ಎಂಬ ಸಂದೇಶ ಹರಿದಾಡುತ್ತಿದೆ. ಇದರ ಮೊದಲರ್ಧ ನಿಜ, ಎರಡನೆಯದು ಅಲ್ಲ.

ಆಗಸ್ಟ್ 31ರ ರಾತ್ರಿ ಬ್ರಾಡ್ ಸ್ಟ್ರೀಟ್ ಇರುವ ಸೋಹೋ ಬಡಾವಣೆಯಲ್ಲಿ ಭುಗಿಲೆದ್ದ ರೋಗವು, ಸೆಪ್ಟೆಂಬರ್ 8ರಂದು ಹಿಡಿಕೆ ಕಳಚುವ ಹೊತ್ತಿಗಾಗಲೇ ಇಳಿಮುಖವಾಗಿತ್ತು. ಇದನ್ನು ಸ್ನೋ ಅವರೇ ಬರೆದಿಟ್ಟಿದ್ದಾರೆ. ಅವರ ನಿಜವಾದ ಸಾಧನೆ, ನನ್ನ ದೃಷ್ಟಿಯಲ್ಲಿ, ಕಾಲರಾ ಕೊಳಕು ನೀರಿನಿಂದ ಹರಡುತ್ತದೆಂದು ತೋರಿಸಿದ ದಕ್ಷಿಣ ಲಂಡನ್ನಿನ ಲೆಕ್ಕಾಚಾರದಲ್ಲಿದೆ. ಅದೇ ಪಿಡುಗಿನ ಮೊದಲ ಏಳು ವಾರಗಳಲ್ಲಿ, ಕೊಳಚೆ ಬೆರೆತ ಥೇಮ್ಸ್ ನೀರನ್ನು ಪೂರೈಸುತ್ತಿದ್ದ ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯ ಪ್ರತಿ 10,000 ಮನೆಗಳಿಗೆ 315 ಮಂದಿ ಸತ್ತಿದ್ದರೆ, 1852ರಿಂದ ನಗರದ ಕೊಳಚೆ ಸೇರುವುದಕ್ಕೂ ಮೊದಲೇ, ನದಿಯ ಹರಿವಿನ ಮೇಲ್ಭಾಗದಲ್ಲಿ ನೀರೆತ್ತುತ್ತಿದ್ದ ಲ್ಯಾಂಬೆತ್ ಕಂಪನಿಯ ಅಷ್ಟೇ ಮನೆಗಳಿಗೆ ಸತ್ತವರು 37 ಮಂದಿ.

ನಗರವನ್ನು ಕಾಲರಾದಿಂದ ಬಿಡಿಸಿದ್ದು ಸೋಸಿದ ನೀರು ಮತ್ತು 1858ರ ಬೇಸಿಗೆಯಲ್ಲಿ ಕೊಳಚೆ ತುಂಬಿದ ಥೇಮ್ಸ್ ನದಿಯಿಂದ ಎದ್ದ ದುರ್ನಾತದ ಬಳಿಕ ಎಂಜಿನಿಯರ್ ಜೋಸೆಫ್ ಬಾಜಲ್‌ಗೆಟ್ ಕಟ್ಟಿಸಿದ ಒಳಚರಂಡಿ ಜಾಲ. 1866ರಲ್ಲಿ ಕಾಲರಾ ಮರಳಿ ಬಂದು 5,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ, ಸಾವುಗಳು ಬಹುಪಾಲು ಸಂಭವಿಸಿದ್ದು ಈ ಜಾಲ ಇನ್ನೂ ಪೂರ್ಣಗೊಳ್ಳದಿದ್ದ ಪೂರ್ವ ಲಂಡನ್ನಿನಲ್ಲಿ, ಅಲ್ಲಿನ ನೀರಿನ ಕಂಪನಿ ಸೋಸದ ನೀರನ್ನೇ ಮನೆಗಳಿಗೆ ಬಿಟ್ಟಿದ್ದುದೂ ತನಿಖೆಯಿಂದ ಹೊರಬಿತ್ತು. ಲಂಡನ್ ಕಂಡ ಕೊನೆಯ ದೊಡ್ಡ ಕಾಲರಾ ಪಿಡುಗು ಅದೇ, 1854ರದ್ದಲ್ಲ.